ನಶ್ಯದ ಬುಡ್ಡಿಯ ಒಳಗೋಡೆ

ನನ್ನ ಮೇಜಿನ ಮೇಲೆ ಒಂದು ಗಾಜಿನ ಬುಡ್ಡಿ ಇದೆ. ಎತ್ತರ ಮೂರಂಗುಲಕ್ಕೂ ಕಡಿಮೆ. ಮುಷ್ಟಿ ಮಡಿಸಿದರೆ ಒಳಗೇ ಅಡಗಿಹೋಗುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಕೆಳಗಿನ ಮೂಲೆಯಲ್ಲಿ ಹುಲ್ಲಿನ ಎರಡು ಎಸಳು, ಅದರ ಪಕ್ಕಕ್ಕೆ ಮಿಡತೆಯ ಒಂದು ಹಿಂಗಾಲು ಕಾಣುತ್ತದೆ. ಮಿಡತೆ ಇಲ್ಲ. ಅದು ಕೂತಿದ್ದ ಬಂಡೆ ಇಲ್ಲ, ಬಂಡೆಯ ಹಿಂದಿದ್ದ ನೀರೂ ಇಲ್ಲ. ಅಷ್ಟನ್ನೂ ನಾನು ತೊಳೆದು ಚೆಲ್ಲಿದ್ದೇನೆ.

ಬುಡ್ಡಿಯನ್ನು ತಂದುಕೊಟ್ಟವರು ನಮ್ಮ ಭಾವ. ಕೆಲಸದ ಮೇಲೆ ಬೀಜಿಂಗಿಗೆ ಹೋಗಿದ್ದಾಗ ಪಾಂಜಿಯಾಯುವಾನ್ ಸಂತೆಯಲ್ಲಿ ಕೊಂಡಿದ್ದು. “ಹಳೇದಲ್ಲ ಕಣೋ, ಈಗಿನವರು ಮಾಡಿದ್ದು. ಆದರೂ ನಶ್ಯದ ಬುಡ್ಡಿ ಅಂದ್ರು. ನಿಮ್ಮ ತಾತನ ನೆನಪಾಯ್ತು, ತಂದೆ” ಅಂದರು. ನನಗೆ ಚಿತ್ರ ಬಹಳ ಹಿಡಿಸಿತು. ಆದರೆ ಗಾಜಿನ ಒಳಮೈ ಮಂಜು ಕವಿದ ಹಾಗೆ ಮಬ್ಬಾಗಿತ್ತು. ಸಂತೆಯ ಧೂಳು ಒಳಗೆ ಸೇರಿ ಹೀಗಾಗಿದೆ ಎಂದುಕೊಂಡೆ. ಚಿತ್ರ ಹೊರಗಡೆ ಇರಬೇಕು, ಅದರ ಮೇಲೆ ಏನೋ ಮೆರುಗು ಹಚ್ಚಿರಬೇಕು ಎಂಬುದು ನನ್ನ ಎಣಿಕೆ. ಬಿರಡೆ ತೆಗೆದು, ಉಗುರುಬೆಚ್ಚನೆಯ ನೀರು ತುಂಬಿ, ಚೆನ್ನಾಗಿ ಕುಲುಕಿ ಬಚ್ಚಲಿಗೆ ಸುರಿದೆ. ನೀರು ಬೂದುಬಣ್ಣವಾಗಿ ಬಂತು. ಕೊಳೆ ಬಿಡುತ್ತಿದೆ ಎಂದು ಇನ್ನೊಮ್ಮೆ ತುಂಬಿ ಕುಲುಕಿದೆ.

ಭಾವನಿಗೆ ಫೋನ್ ಮಾಡಿ ಹೇಳಿದಾಗ “ಇರಲಿ ಬಿಡು, ಇನ್ನೊಂದು ತಂದರಾಯ್ತು” ಅಂದರು. ಅವರ ಒಳ್ಳೆಯ ಮನಸ್ಸು ಅದು. ಆದರೆ ಯಾರೋ ಒಬ್ಬರು ಅವರೆಕಾಳೂ ತೂರದಷ್ಟು ಸಣ್ಣ ಬಾಯಿಯೊಳಗೆ ಕುಂಚ ಇಳಿಸಿ, ದಿನಗಟ್ಟಲೆ ಕೂತು ಬರೆದ ಮಿಡತೆ ಮತ್ತೆ ಬರುವಂತಿರಲಿಲ್ಲ. ಆವತ್ತಿನಿಂದ ಈ ಬುಡ್ಡಿಗಳ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ, ಸಿಕ್ಕಿದಲ್ಲೆಲ್ಲ ನಿಂತು ನೋಡುತ್ತ ಬಂದಿದ್ದೇನೆ.

ತಾತ ನಶ್ಯ ಹಾಕುತ್ತಿದ್ದರು. ಅವರದು ಹಿತ್ತಾಳೆಯ ಚಪ್ಪಟೆ ಡಬ್ಬಿ. ಮುಚ್ಚಳದ ಮೇಲೆ ಎರಡು ಸಲ ಬೆರಳು ಬಡಿದು, ತೆರೆದು, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಚಿಟಿಕೆ ತೆಗೆದು, ಅರೆಗಳಿಗೆ ಸುಮ್ಮನಿದ್ದು ಆಮೇಲೆ ಏರಿಸುತ್ತಿದ್ದರು. ಮಳೆಗಾಲ ಹಿಡಿಯಿತೆಂದರೆ ಡಬ್ಬಿಯಲ್ಲಿದ್ದ ಪುಡಿ ತೇವಕ್ಕೆ ಗಂಟುಗಂಟಾಗುತ್ತಿತ್ತು. ಆಗ ಡಬ್ಬಿಯನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಡುತ್ತಿದ್ದರು. ಅಡುಗೆಮನೆಯಲ್ಲಿ ನಶ್ಯವೇ ಎಂದು ಅಜ್ಜಿ ಗೊಣಗುತ್ತಿದ್ದರು. ಚೀನಾದವರು ಡಬ್ಬಿ ಬಿಟ್ಟು ಬುಡ್ಡಿ ಹಿಡಿದದ್ದು ಯಾಕೆ ಎಂದು ಪುಸ್ತಕದಲ್ಲಿ ಓದಿದ ದಿನ ನನಗೆ ಒಲೆಯ ಪಕ್ಕದ ಆ ಗೂಡು ಕಣ್ಣಿಗೆ ಕಟ್ಟಿತು.

ಹೊಗೆಸೊಪ್ಪು ಅಮೆರಿಕದಿಂದ ಹೊರಟು ಐರೋಪ್ಯರ ಹಡಗುಗಳಲ್ಲಿ ನಮ್ಮ ಕರಾವಳಿಗೂ ಚೀನಾಕ್ಕೂ ಬಂದಿಳಿದದ್ದು. ಚೀನಾದಲ್ಲಿ 17ನೆಯ ಶತಮಾನದಲ್ಲಿ ಅದನ್ನು ಸೇದಬಾರದೆಂದು ಆಜ್ಞೆಗಳು ಹೊರಟವು. ಪುಡಿಗೆ ಮಾತ್ರ ಔಷಧಿಯ ಮರ್ಯಾದೆ ಸಿಕ್ಕಿತು. ತಲೆನೋವಿಗೆ, ನೆಗಡಿಗೆ, ಹೊಟ್ಟೆಯ ತೊಂದರೆಗೆ ಅದು ಒಳ್ಳೆಯದೆಂದು ನಂಬಿದರು. ನಮ್ಮಲ್ಲೂ ಆದದ್ದು ಹೆಚ್ಚುಕಡಿಮೆ ಇದೇ. ಆಯುರ್ವೇದದಲ್ಲಿ ಮೂಗಿನ ಮೂಲಕ ಕೊಡುವ ಚಿಕಿತ್ಸೆಗೆ ಇದ್ದ ನಸ್ಯವೆಂಬ ಹೆಸರೇ ಹೊಗೆಸೊಪ್ಪಿನ ಪುಡಿಗೂ ಅಂಟಿಕೊಂಡಿತು. 1684ರಲ್ಲಿ ಚಿಂಗ್ ವಂಶದ ಕಾಂಗ್‌ಶಿ ಚಕ್ರವರ್ತಿ ದಕ್ಷಿಣದ ಪ್ರವಾಸದಲ್ಲಿ ನಾನ್‌ಜಿಂಗ್‌ಗೆ ಬಂದಾಗ ಇಬ್ಬರು ಜೆಸ್ವಿಟ್ ಪಾದ್ರಿಗಳು ಕಾಣಿಕೆ ಒಪ್ಪಿಸಿದರು. ಉಳಿದದ್ದನ್ನೆಲ್ಲ ಹಿಂದಿರುಗಿಸಿ ನಶ್ಯವೊಂದನ್ನು ಆತ ಇಟ್ಟುಕೊಂಡನೆಂದು ದಾಖಲೆಯಿದೆ. ಚಕ್ರವರ್ತಿ ಮೆಚ್ಚಿದ್ದು ಆಸ್ಥಾನಕ್ಕೆ ಬಂತು, ಆಸ್ಥಾನದ್ದು ಊರಿಗೆ ಹರಡಿತು.

ಯುರೋಪಿನವರು ನಶ್ಯವನ್ನು ಡಬ್ಬಿಯಲ್ಲಿಡುತ್ತಿದ್ದರು. ಚೀನಾದ ತೇವದ ಹವೆಗೆ ಅದು ಹೊಂದಲಿಲ್ಲ. ಚಿಂಗ್ ಅರಸರ ಮಾಂಚು ಉಡುಪಿಗೆ ಜೇಬಿಲ್ಲ, ಸಣ್ಣ ವಸ್ತುಗಳೆಲ್ಲ ತೋಳಿನ ಮಡಿಕೆಯಲ್ಲೋ ನಡುಪಟ್ಟಿಗೆ ಕಟ್ಟಿದ ಚೀಲದಲ್ಲೋ ಇರಬೇಕು. ಅಲ್ಲಿ ಡಬ್ಬಿಯ ಮುಚ್ಚಳ ಸಡಿಲಿದರೆ ಪುಡಿಯೆಲ್ಲ ಬಟ್ಟೆಯ ಪಾಲು. ಔಷಧಿ ಇಡಲು ಮೊದಲಿಂದಲೂ ಸಣ್ಣ ಬುಡ್ಡಿಗಳಿದ್ದವು. ಅವನ್ನೇ ನಶ್ಯಕ್ಕೆ ಒಗ್ಗಿಸಿಕೊಂಡರು. ಕಿರಿದಾದ ಬಾಯಿ, ಗಾಳಿಯಾಡದಂತೆ ಕೂರುವ ಬಿರಡೆ, ಬಿರಡೆಯ ತಳಕ್ಕೇ ಸೇರಿಸಿದ ಕಡ್ಡಿಯಂಥ ಚಮಚ. ಬಿರಡೆ ಎತ್ತಿದರೆ ಚಮಚದ ಜೊತೆ ಒಂದಿಷ್ಟು ಪುಡಿ ಮೇಲೆ ಬರುತ್ತದೆ. ಅದನ್ನು ಹೆಬ್ಬೆರಳ ಉಗುರಿನ ಮೇಲೋ ಸಣ್ಣ ತಟ್ಟೆಯ ಮೇಲೋ ಹಾಕಿಕೊಂಡು ಏರಿಸುವುದು.

ಇಂಥ ಬುಡ್ಡಿಗಳನ್ನು ಪಿಂಗಾಣಿ, ಜೇಡ್, ಅಗೇಟು, ದಂತ, ಹವಳ, ಅರಗು ಎಲ್ಲದರಲ್ಲೂ ಮಾಡಿದ್ದಾರೆ. ನನ್ನ ಮನಸ್ಸು ಗಾಜಿನವುಗಳ ಕಡೆಗೇ ವಾಲುತ್ತದೆ. ಇದಕ್ಕೆ ಬಚ್ಚಲಲ್ಲಿ ನಡೆದದ್ದೊಂದೇ ಕಾರಣವಲ್ಲ. ಜೇಡ್ ಹುಟ್ಟಿನಿಂದಲೇ ಬೆಲೆಬಾಳುವ ಕಲ್ಲು. ಚೀನಾದಲ್ಲಿ ಗಾಜಿಗೆ ಅಂಥ ಕುಲಗೌರವ ಇರಲಿಲ್ಲ, ಅದು ಬೇರೆಯದರ ಹಾಗೆ ಕಾಣಲು ಬಳಸುವ ಸಾಮಗ್ರಿ. ಕುಶಲಿಗಳ ಕೈ ಅದನ್ನು ಮೇಲಕ್ಕೆತ್ತಿತು. 1696ರಲ್ಲಿ ಕಾಂಗ್‌ಶಿಯ ಅಪ್ಪಣೆಯಂತೆ ಬೀಜಿಂಗಿನಲ್ಲಿ ಅರಮನೆಯ ಗಾಜಿನ ಕಾರ್ಖಾನೆ ಶುರುವಾಯಿತು. ಅದನ್ನು ಕಟ್ಟಿ ನಿಲ್ಲಿಸಿದವನು ಕಿಲಿಯನ್ ಸ್ಟುಂಫ್ ಎಂಬ ಜರ್ಮನ್ ಪಾದ್ರಿ. ಕೆಲಸಗಾರರು ಶಾನ್‌ಡಾಂಗ್ ಪ್ರಾಂತದ ಬೋಶಾನ್‌ನಿಂದ, ದಕ್ಷಿಣದ ಗುವಾಂಗ್‌ಝೌನಿಂದ ಬಂದರು. ಬೋಶಾನ್ ಆಗಲೇ ಗಾಜಿಗೆ ಹೆಸರಾದ ಊರು. ಅಲ್ಲಿನ ಕುಲುಮೆಗಳ ಪಳಗಿದ ಕೈಗಳಿಗೆ ಪಾದ್ರಿ ತಂದ ವಿದ್ಯೆ ಸೇರಿಕೊಂಡಿತು.

ಆ ಕುಲುಮೆಗಳಿಂದ ಹೊರಬಂದ ಬಣ್ಣಗಳಲ್ಲಿ ನನ್ನನ್ನು ಹಿಡಿದಿಟ್ಟದ್ದು ಮನಃಶಿಲೆಯ ಬಣ್ಣ. ಮನಃಶಿಲೆ ಕೆಂಪು-ಕಿತ್ತಳೆಯ ಖನಿಜ, ಒಳಗಿರುವುದು ಪಾಷಾಣ. ಬೆಳಕು ಬಿದ್ದಷ್ಟೂ ಪುಡಿಯಾಗುತ್ತ ಹೋಗುತ್ತದೆ. ಮೂಗಿಗೆ ಏರಿಸುವ ವಸ್ತುವನ್ನು ಅದರಲ್ಲಿ ಇಡುವ ಹಾಗಿಲ್ಲ. ಆದರೆ ಆ ಬಣ್ಣದ ಮೋಹ ಬಿಡಲಿಲ್ಲ. ಕೆಂಪು, ಹಳದಿ, ಕಿತ್ತಳೆ ಗಾಜನ್ನು ಸುರುಳಿಸುರುಳಿಯಾಗಿ ಕಲಸಿ ಅದೇ ಕಲ್ಲಿನ ರೂಪ ಬರಿಸಿದರು. ವಿಷ ಕಳೆದು ಬಣ್ಣ ಉಳಿಸಿಕೊಂಡ ಕೆಲಸ ಇದು.

ಆಮೇಲೆ ಗಾಜಿನ ಮೇಲೆ ಗಾಜು ಹೊದಿಸುವ ವಿದ್ಯೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಇಂಥವುಗಳ ಮುಂದೆ ನಿಂತಿದ್ದಾಗ ಜೊತೆಗಿದ್ದವರು ಎರಡು ಕೋಣೆ ಮುಂದೆ ಹೋಗಿಬಿಟ್ಟಿದ್ದರು. ಹಿಮ ಸುರಿಯುವಂತೆ ಬಿಳಿಯ ಚುಕ್ಕೆಗಳು ತುಂಬಿದ ಗಾಜಿನ ಬುಡ್ಡಿಯನ್ನು ಮೊದಲು ಊದುತ್ತಾರೆ. ಅದರ ಮೇಲೆ ಕೆಂಪು ಅಥವಾ ನೀಲಿ ಗಾಜಿನ ಪದರ. ತಣಿದ ಮೇಲೆ ಜೇಡ್ ಕೊರೆಯುವವರ ಹಾಗೆಯೇ ತಿರುಗುವ ಸಾಣೆಗೆ ಹಿಡಿದು, ನೀರು ಮತ್ತು ಸಾಣೆಪುಡಿ ಹಾಕುತ್ತ, ಬೇಡದ ಕೆಂಪನ್ನೆಲ್ಲ ತೇಯ್ದು ತೆಗೆಯುವುದು. ಉಳಿದ ಕೆಂಪೇ ಕಮಲ, ಉಳಿದ ಕೆಂಪೇ ಮೀನು. ಎರಡು ಮೂರು ಬಣ್ಣ ಹೊದಿಸಿದವೂ ಇವೆ, ಇನ್ನೂ ಹೆಚ್ಚು ಹೊದಿಸಿದವೂ ಇವೆ. ಒಂದು ಕೂದಲೆಳೆ ಆಳ ಹೋದರೆ ಮೀನಿನ ಕಣ್ಣು ಹೋಯಿತು, ಮತ್ತೆ ಹಚ್ಚಲು ಬಾರದು. ಚೆನ್ನಾಗಿ ಮಾಡಿದ ಬುಡ್ಡಿಯಲ್ಲಿ ನೆಲದ ಗಾಜು ಏರುಪೇರಿಲ್ಲದೆ, ಅಲ್ಲಿ ಎಂದೂ ಕೆಂಪು ಇರಲೇ ಇಲ್ಲವೆಂಬಷ್ಟು ನಯವಾಗಿರುತ್ತದೆ. ನಾನು ನೋಡುತ್ತ ನಿಂತದ್ದು ಆ ಖಾಲಿ ಜಾಗವನ್ನೇ. ಹೂವಿಗಿಂತ ಹೆಚ್ಚಿನ ಕೆಲಸ ನಡೆದಿರುವುದು ಅಲ್ಲಿ.

ಗಾಜಿನ ಮೇಲೆ ಎನಾಮಲ್ ಬರೆಯುವುದು ಇದಕ್ಕಿಂತಲೂ ಕಷ್ಟ. ನಮ್ಮ ಒಡವೆ ಅಂಗಡಿಗಳಲ್ಲಿ ಮೀನಾ ಕೆಲಸ ಅನ್ನುತ್ತಾರಲ್ಲ, ಅದೇ. ಚಿನ್ನ ತಾಮ್ರಗಳು ಕುಲುಮೆಯ ಕಾವನ್ನು ತಾಳುತ್ತವೆ. ಗಾಜಿಗೆ ಆ ಶಕ್ತಿ ಇಲ್ಲ. ಎನಾಮಲ್ ಕರಗಿ ಹಿಡಿಯುವ ಕಾವಿಗೂ ಗಾಜೇ ಮೆತ್ತಗಾಗಿ ಸೊಟ್ಟಗಾಗುವ ಕಾವಿಗೂ ಅಂತರ ತೀರ ಕಡಿಮೆ. ಆ ಸಣ್ಣ ಸಂದಿಯಲ್ಲಿ ನಿಲ್ಲಿಸಿ ಬೇಯಿಸಬೇಕು. ಕಾಂಗ್‌ಶಿಗೆ ಈ ವಿದ್ಯೆಯ ಮೇಲೆ ಎಷ್ಟು ಆಸೆಯಿತ್ತೆಂದರೆ ಇಟಲಿಯಿಂದ ಬಂದಿದ್ದ ಕಾಸ್ತಿಲಿಯೋನೆ ಮತ್ತು ಮತ್ತೆಯೋ ರಿಪಾ ಎಂಬ ಮಿಷನರಿ ಚಿತ್ರಕಾರರನ್ನು ಎನಾಮಲ್ ಬರೆಯಲು ಕೂರಿಸಿದ. ಬಿಡುವಿಲ್ಲದ ಆ ಚಾಕರಿ ಇಬ್ಬರಿಗೂ ಬೇಕಿರಲಿಲ್ಲ. ಬೇಕೆಂದೇ ಕೆಟ್ಟದಾಗಿ ಬರೆದರು, ಚಕ್ರವರ್ತಿ ನೋಡಿ ಸಾಕೆಂದ, ಬಿಡುಗಡೆಯಾಯಿತು ಎಂದು ರಿಪಾ ತಾನೇ ಬರೆದುಕೊಂಡಿದ್ದಾನೆ. ಅದನ್ನು ಓದಿದಾಗ ನನ್ನ ಮನಸ್ಸು ಹೋದದ್ದು ಉಳಿದವರ ಕಡೆಗೆ. ಕೆಟ್ಟದಾಗಿ ಬರೆದು ತಪ್ಪಿಸಿಕೊಳ್ಳುವ ದಾರಿ ಅರಮನೆಯ ಕೆಲಸಗಾರನಿಗೆ ಇರಲಿಲ್ಲ. ಮುಂದೆ ಬಂದ ಚಿಯೆನ್‌ಲಾಂಗ್ ಚಕ್ರವರ್ತಿಯ ಕಾಲದ ಗುಲಾಬಿ ಬಣ್ಣದ ಆ ನುಣುಪನ್ನು ಸಾಧಿಸಿದವರು ಅಂಥವರೇ. ಅವರಲ್ಲಿ ಹೆಚ್ಚಿನವರ ಹೆಸರು ಬುಡ್ಡಿಯ ಮೇಲಿಲ್ಲ, ಇರುವುದು ಚಕ್ರವರ್ತಿಯ ಮುದ್ರೆ. 2011ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಚಿಯೆನ್‌ಲಾಂಗ್ ಮುದ್ರೆಯ ಇಂಥದೊಂದು ಎನಾಮಲ್ ಗಾಜಿನ ಬುಡ್ಡಿ ಎರಡೂವರೆ ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚಿಗೆ ಹೋಯಿತು.

ಬುಡ್ಡಿಗಳ ಮೇಲಿನ ಚಿತ್ರಗಳನ್ನು ಬರೀ ಕಣ್ಣಿನಿಂದ ನೋಡಿದರೆ ಅರ್ಧ ಮಾತ್ರ ಸಿಗುತ್ತದೆ. ಅವನ್ನು ಕಿವಿಯಿಂದಲೂ ನೋಡಬೇಕು. ಚೀನೀ ಭಾಷೆಯಲ್ಲಿ ಬಾವಲಿಗೂ ಸೌಭಾಗ್ಯಕ್ಕೂ ಉಚ್ಚಾರ ಒಂದೇ, ಫು. ಮೀನಿಗೂ ಸಮೃದ್ಧಿಗೂ ಯು. ಬೆಕ್ಕು ಚಿಟ್ಟೆಯನ್ನು ನೋಡುತ್ತ ಕೂತಿದ್ದರೆ ಎರಡು ಹೆಸರೂ ಸೇರಿ ಎಪ್ಪತ್ತು ಎಂಬತ್ತು ವರ್ಷ ಬಾಳೆಂಬ ಹಾರೈಕೆ. ಶ್ಲೇಷೆಯನ್ನು ನಾವು ಕಾವ್ಯದಲ್ಲಿ ಇಟ್ಟುಕೊಂಡೆವು, ಅವರು ಚಿತ್ರದಲ್ಲಿ ಇಟ್ಟುಕೊಂಡರು. ಬಾವಲಿ ಮನೆಯೊಳಗೆ ನುಗ್ಗಿದರೆ ಅಪಶಕುನವೆಂದು ಬಾಗಿಲು ಮುಚ್ಚುತ್ತಿದ್ದ ನಮ್ಮ ಅಜ್ಜಿಗೆ ಈ ಬುಡ್ಡಿಗಳನ್ನು ತೋರಿಸಬೇಕಿತ್ತು ಅನಿಸುತ್ತದೆ. ಐದು ಬಾವಲಿಗಳೆಂದರೆ ಅಲ್ಲಿ ಪಂಚ ಸೌಭಾಗ್ಯ. ದೀರ್ಘಾಯುಸ್ಸು, ಐಶ್ವರ್ಯ, ಆರೋಗ್ಯ, ಸದ್ಗುಣದ ಪ್ರೀತಿ, ಕೊನೆಯದು ನೆಮ್ಮದಿಯ ಸಾವು. ಅನಾಯಾಸದ ಮರಣವನ್ನು ದಿನವೂ ದೇವರಲ್ಲಿ ಬೇಡುತ್ತಿದ್ದವರು ಅಜ್ಜಿ. ಬಾವಲಿ ಕಂಡು ಬೆಚ್ಚಿದರೂ ಐದನೆಯದರ ಅರ್ಥ ಹೇಳಿದ್ದರೆ ತಲೆದೂಗುತ್ತಿದ್ದರು.

ಈಗ ಒಳಗೋಡೆಯ ಮಾತಿಗೆ ಬರುತ್ತೇನೆ.

ಬುಡ್ಡಿಯ ಒಳಗಡೆಯಿಂದ ಚಿತ್ರ ಬರೆಯುವುದು 19ನೆಯ ಶತಮಾನದ ಆರಂಭದಲ್ಲಿ ಶುರುವಾದದ್ದು. ಅದರ ಹುಟ್ಟಿನ ಬಗ್ಗೆ ಬೀಜಿಂಗಿನಲ್ಲಿ ಒಂದು ದಂತಕತೆ ಇದೆ. ದೇವಾಲಯದಲ್ಲಿ ತಂಗಿದ್ದವನೊಬ್ಬನ ಬುಡ್ಡಿಯಲ್ಲಿ ನಶ್ಯ ಮುಗಿದಿತ್ತು. ಗಾಜಿಗೆ ಅಂಟಿಕೊಂಡ ಕೊನೆಯ ಪುಡಿಯನ್ನು ಬಿದಿರಿನ ಕಡ್ಡಿಯಿಂದ ಕೆರೆದ. ಕೆರೆದ ಗೆರೆಗಳು ಹೊರಗಿನಿಂದ ಚಿತ್ರದ ಹಾಗೆ ಕಂಡವು. ಅದನ್ನು ನೋಡಿದ ಸನ್ಯಾಸಿಗೆ ಹೊಳೆಯಿತು. ಕತೆ ನಿಜವೋ ಅಲ್ಲವೋ, ಹೇಳಿದವರಿಗೆ ನಶ್ಯದ ಚಟ ಗೊತ್ತಿತ್ತು. ತಳದಲ್ಲಿ ಉಳಿದ ಕೊನೆಯ ಚಿಟಿಕೆಗಾಗಿ ಡಬ್ಬಿಯ ಮೂಲೆ ಕೆದಕುತ್ತಿದ್ದ ತಾತನನ್ನು ನಾನೂ ನೋಡಿದ್ದೇನೆ.

ಕೆಲಸ ನಡೆಯುವುದು ಹೀಗೆ. ನುಣುಪಾದ ಗಾಜಿನ ಮೇಲೆ ಶಾಯಿ ನಿಲ್ಲುವುದಿಲ್ಲ. ಆದ್ದರಿಂದ ಬುಡ್ಡಿಯೊಳಗೆ ಕಬ್ಬಿಣದ ಪುಡಿ, ಸಾಣೆಪುಡಿ, ನೀರು ಹಾಕಿ ಒಳಮೈ ಕಾಗದದ ಹಾಗೆ ತರಿಯಾಗುವವರೆಗೆ ಕುಲುಕುತ್ತಾರೆ. ನನಗೆ ಧೂಳಿನ ಮಂಜಾಗಿ ಕಂಡದ್ದು ಇದೇ ಮಬ್ಬು. ಚಿತ್ರ ನಿಲ್ಲಲೆಂದು ಒಬ್ಬರು ಕುಲುಕಿ ಬರಿಸಿದ್ದನ್ನು ಹೋಗಲಾಡಿಸಲೆಂದು ನಾನು ಕುಲುಕಿದೆ. ಕುಂಚವೆಂದರೆ ತುದಿಯಲ್ಲಿ ಕೊಕ್ಕೆಯಂತೆ ಬಾಗಿದ ತೆಳ್ಳನೆಯ ಬಿದಿರು ಕಡ್ಡಿ, ತುದಿಗೆ ಬೇಕಾದರೆ ಕೆಲವು ರೋಮ. ಅದನ್ನು ಬಾಯಿಯೊಳಗಿಂದ ಇಳಿಸಿ, ಹೊರಗಿನಿಂದ ಗಾಜಿನ ಮೂಲಕ ನೋಡುತ್ತ ಬರೆಯುವುದು. ಕಣ್ಣು ಹೊರಗೆ, ಕುಂಚ ಒಳಗೆ. ಕುಂಚದ ತುದಿ ಬರೆಯುವವನ ಕಡೆಗೇ ತಿರುಗಿರುತ್ತದೆ. ಕಾಗದದ ಮೇಲೆ ಮೊದಲು ಆಕಾಶ, ಆಮೇಲೆ ಮರ, ಮರದ ಮೇಲೆ ಹಕ್ಕಿ ಬರೆದರೆ ಇಲ್ಲಿ ಮೊದಲು ಹಕ್ಕಿಯ ಕಣ್ಣು. ಮೊದಲು ಎಳೆದ ಗೆರೆಯೇ ನೋಡುವವನಿಗೆ ಮುಂದೆ ಕಾಣುತ್ತದೆ, ಅದರ ಮೇಲೆ ತಿದ್ದಲು ಬರುವುದಿಲ್ಲ.

ನಮ್ಮ ಊರಿನ ಮನೆಯ ನಡುಮನೆಯಲ್ಲಿ ಗಾಜಿನ ಮೇಲೆ ಬರೆದ ಬಾಲಕೃಷ್ಣನ ಪಟವೊಂದಿತ್ತು. ಗಾಜಿನ ಹಿಂಬದಿಯಿಂದ ಬರೆದದ್ದು. ಕೃಷ್ಣನ ಕಣ್ಣು, ಕೊರಳ ಸರ ಮೊದಲು, ಮೈಬಣ್ಣ ಆಮೇಲೆ, ಹಿಂದಿನ ಪರದೆ ಕೊನೆಗೆ. ಮೈಸೂರು ತಂಜಾವೂರುಗಳಲ್ಲಿ ಇಂಥ ಪಟಗಳು ಬಹಳ ಬಂದವು. ಈ ಹಿಮ್ಮುಖದ ವಿದ್ಯೆ ಭಾರತಕ್ಕೆ ಹರಡಿದ್ದು 18ನೆಯ ಶತಮಾನದಲ್ಲಿ, ಚೀನಾದ ವ್ಯಾಪಾರದ ದಾರಿಯಿಂದ. ಹುಡುಗನಾಗಿದ್ದಾಗ ಪಟವನ್ನು ಇಳಿಸಿ ಹಿಂದೆ ತಿರುಗಿಸಿ ನೋಡಿ, ಬರೀ ಬಣ್ಣದ ತೇಪೆಗಳು ಕಂಡು ಬೆರಗಾಗಿದ್ದು ನೆನಪಿದೆ. ಕೃಷ್ಣ ಮುಂದಿನಿಂದ ಮಾತ್ರ ಕೃಷ್ಣ. ಆದರೂ ಗಾಜಿನ ಪಟಕ್ಕೆ ಹಿಂಬದಿಯಾದರೂ ತೆರೆದಿರುತ್ತದೆ, ಕೈ ಊರಲು ಜಾಗವಿರುತ್ತದೆ. ಬುಡ್ಡಿಯಲ್ಲಿ ಅದೂ ಇಲ್ಲ.

ಈ ಕಲೆಯ ಮೊದಲ ಹೆಸರುಗಳಲ್ಲಿ ಗಾನ್ ಶುವಾನ್‌ವೆನ್ ಒಬ್ಬ. ಆದರೆ ಇದು ನಿಜವಾಗಿ ಅರಳಿದ್ದು 19ನೆಯ ಶತಮಾನದ ಕೊನೆಗೆ, ಬೀಜಿಂಗಿನಲ್ಲಿ. ಝೌ ಲೆಯುವಾನ್ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬರೆದದ್ದು ಸಿಗುವುದಿಲ್ಲ. ಸುಮಾರು 1879ರಿಂದ 1893ರವರೆಗೆ ಮಾತ್ರ. ಅಷ್ಟರಲ್ಲೇ ಬೆಟ್ಟ, ನೀರು, ಬಂಡೆ, ಹುಳುಗಳನ್ನು ದೊಡ್ಡ ಸುರುಳಿಚಿತ್ರಗಳ ಗಾಂಭೀರ್ಯದಿಂದ ಬುಡ್ಡಿಗೆ ಇಳಿಸಿದ. ಮಾ ಶಾವ್‌ಶುವಾನ್ ಮುಖ ಬರೆಯುವುದರಲ್ಲಿ ಎತ್ತಿದ ಕೈ. ಪೀಕಿಂಗ್ ಆಪೆರಾದ ಮಹಾನಟ ತಾನ್ ಶಿನ್‌ಪೇಯ್ ವೇಷ ತೊಟ್ಟು ನಿಂತ ರೂಪವನ್ನು ಫೋಟೋದ ಹಾಗೆ ಕಪ್ಪು ಬಿಳುಪಿನಲ್ಲೇ ತಂದ. ಡಿಂಗ್ ಅರ್‌ಝೋಂಗ್, ಯೆ ಝೋಂಗ್‌ಸಾನ್ ಇನ್ನಿಬ್ಬರು. ನನಗೆ ಇವರೆಲ್ಲರಲ್ಲಿ ಝೌ ದೊಡ್ಡವನು. ಉಳಿದವರು ಬುಡ್ಡಿಯಲ್ಲಿ ಎಷ್ಟು ಹಿಡಿಸಬಹುದೆಂದು ತೋರಿಸುತ್ತಾರೆ. ಝೌ ಖಾಲಿ ಬಿಟ್ಟ ಜಾಗದಲ್ಲಿ ಗಾಳಿ ಆಡುತ್ತದೆ.

ಇವರು ಬರೆಯುತ್ತಿದ್ದ ಹೊತ್ತಿಗೆ ನಶ್ಯದ ಕಾಲ ಮುಗಿಯುತ್ತ ಬಂದಿತ್ತು. ಸಿಗರೇಟು ಬರುತ್ತಿತ್ತು, 1912ರ ಆರಂಭದಲ್ಲಿ ಚಿಂಗ್ ಅರಸೊತ್ತಿಗೆಯೇ ಹೋಯಿತು. ಒಳಗೆ ಶಾಯಿಯ ಚಿತ್ರವಿರುವ ಬುಡ್ಡಿಗೆ ನಶ್ಯ ತುಂಬಿ ದಿನವೂ ಚಮಚ ಆಡಿಸಿದರೆ ಚಿತ್ರ ಉಳಿಯುವುದಿಲ್ಲ, ಪುಡಿ ತುಂಬಿದರೆ ಚಿತ್ರ ಕಾಣುವುದೂ ಇಲ್ಲ. ನಶ್ಯ ಹಾಕುವವರು ಕಡಿಮೆಯಾದ ಮೇಲೆ ಬುಡ್ಡಿಯ ಹೊಟ್ಟೆ ಚಿತ್ರಕಾರನ ಪಾಲಿಗೆ ಬಂತು. ಮಂಗೋಲಿಯಾದಲ್ಲಿ ಮಾತ್ರ ನಶ್ಯದ ಬುಡ್ಡಿ ಇನ್ನೂ ತನ್ನ ಹಳೆಯ ಕೆಲಸ ಮಾಡುತ್ತಿದೆ. ಹೊಸ ವರ್ಷದಲ್ಲಿ, ಅತಿಥಿ ಬಂದಾಗ, ಬಲಗೈಯಲ್ಲಿ ಬುಡ್ಡಿ ನೀಡುತ್ತಾರೆ. ಪಡೆದವರು ಒಂದಿಷ್ಟು ಸೇದಿ, ಅಭ್ಯಾಸವಿಲ್ಲದವರು ಬರೀ ಮೂಸಿ, ಹಿಂದಕ್ಕೆ ಕೊಡುತ್ತಾರೆ. ಮನೆಗೆ ಬಂದವರ ಮುಂದೆ ಎಲೆಯಡಿಕೆ ತಟ್ಟೆ ಸರಿಸಿದ ಹಾಗೆ.

ಒಳಚಿತ್ರದ ವಿದ್ಯೆ ಅಪ್ಪನಿಂದ ಮಗನಿಗೆ ಎಂಬಂತೆ ಮನೆಯೊಳಗೇ ಉಳಿದಿತ್ತು. ಯೆ ಝೋಂಗ್‌ಸಾನನ ಮಕ್ಕಳು 1950ರ ದಶಕದಲ್ಲಿ ಹೊರಗಿನ ಹುಡುಗನೊಬ್ಬನಿಗೆ ಅದನ್ನು ಕಲಿಸಿದರು. 1938ರಲ್ಲಿ ಹುಟ್ಟಿದ ವಾಂಗ್ ಶಿಸಾನ್. ಆತ ತನ್ನ ಹೆಬೇ ಪ್ರಾಂತದಲ್ಲಿ ಶಿಷ್ಯರನ್ನು ತಯಾರು ಮಾಡಿದ, ಬಿದಿರು ಕಡ್ಡಿಯ ಬದಲು ಬೇಕಾದಂತೆ ಬಾಗುವ ಲೋಹದ ಕುಂಚ ರೂಪಿಸಿದ. ಹೆಂಗ್‌ಶುಯಿ ಎಂಬ ಊರು ಇಂದು ಒಳಚಿತ್ರಕ್ಕೆ ಹೆಸರುವಾಸಿ. 2006ರಲ್ಲಿ ಚೀನಾ ತನ್ನ ಅಮೂರ್ತ ಪರಂಪರೆಯ ಮೊದಲ ರಾಷ್ಟ್ರೀಯ ಪಟ್ಟಿಗೆ ಅದನ್ನು ಸೇರಿಸಿತು. ನನ್ನ ಮಿಡತೆಯನ್ನು ಬರೆದವರೂ ಆ ಕಡೆಯವರೇ ಇರಬಹುದು. ಬುಡ್ಡಿಯ ಮೇಲ್ಭಾಗದಲ್ಲಿ ನಾಲ್ಕು ಅಕ್ಷರಗಳೂ ಒಂದು ಕೆಂಪು ಮುದ್ರೆಯೂ ಇದ್ದವು. ಅದು ಬರೆದವರ ಹೆಸರಿರಬೇಕು. ಅದನ್ನು ಒಮ್ಮೆಯಾದರೂ ಯಾರಿಂದಲಾದರೂ ಓದಿಸಿಕೊಳ್ಳುವ ಮೊದಲೇ ನೀರಿಗೆ ಕೊಟ್ಟೆ.

ನಿಮ್ಮ ಮನೆಗೆ ಯಾರಾದರೂ ಇಂಥದೊಂದು ಬುಡ್ಡಿ ತಂದುಕೊಟ್ಟರೆ, ಅಥವಾ ಹಳೆಯ ಪೆಟ್ಟಿಗೆಯ ತಳದಲ್ಲಿ ಸಿಕ್ಕರೆ, ಹೊರಮೈಯನ್ನು ಒಣ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಮಬ್ಬಾಗಿ ಕಂಡರೆ ಅದು ಕೊಳೆಯಲ್ಲ. ದಯವಿಟ್ಟು ಒಳಗೆ ನೀರು ಹಾಕಬೇಡಿ.